ತಣ್ಣನೆಯ ಕೈ

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ, ಮೈಸೂರಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದರು. ರಿಂಗ್ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದಿದ್ದ. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು, ಬೇರೆ ಗಾಯವೇನೂ ಕಾಣುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ತಡವಾಗಿ, ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಿದ್ದ. ಜೊತೆಗೆ ಬಂದಿದ್ದ ಅವನ ಸೋದರಮಾವ ನನಗೇ ಧೈರ್ಯ ಹೇಳುವವರಂತೆ, "ಏನೂ ಇಲ್ಲ ಮೇಡಂ, ಸ್ವಲ್ಪ ಶಾಕ್ ಆಗಿದ್ದಾನೆ ಅಷ್ಟೆ. ನೀರು ಕುಡಿಸಿದ್ರೆ ಸರಿ ಹೋಗ್ತಾನೆ" ಎಂದರು. ಅವನ ತಾಯಿ ಆಗಲೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

ಈ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಪ್ರತಿ ಸಲ ಕೇಳಿದಾಗಲೂ ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟುತ್ತದೆ. ಹೇಳುವವರ ಮನಸ್ಸಿನಲ್ಲಿ ಇರುವುದು ಗಾಬರಿ; ಕೇಳುವ ನನ್ನ ಮನಸ್ಸಿನಲ್ಲಿ ಇರುವುದು ಸಾವಿನ ಹೊಸ್ತಿಲು. ಒಂದೇ ಪದ ಇಬ್ಬರ ನಡುವೆ ನಿಂತು ಇಬ್ಬರಿಗೂ ಬೇರೆ ಬೇರೆ ಅರ್ಥ ಹೇಳುತ್ತಿರುತ್ತದೆ. ಆ ಪದದ ಬಗ್ಗೆ, ಅದರ ಹಿಂದೆ ಅಡಗಿ ಕುಳಿತಿರುವ ಸ್ಥಿತಿಯ ಬಗ್ಗೆ ಒಮ್ಮೆ ಕುಳಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಕನ್ನಡದಲ್ಲಿ ನಾವು 'ಶಾಕ್' ಅನ್ನುವ ಪದವನ್ನು ಮೂರು ಕಡೆ ಬಳಸುತ್ತೇವೆ. ಕರೆಂಟ್ ಹೊಡೆದರೆ ಶಾಕ್, ಕೆಟ್ಟ ಸುದ್ದಿ ಕೇಳಿದರೆ ಶಾಕ್, ಅಪಘಾತದಲ್ಲಿ ಮಾತು ನಿಂತುಹೋದರೆ ಅದೂ ಶಾಕ್. ವೈದ್ಯರು ಹೇಳುವ ಶಾಕ್ ಈ ಮೂರೂ ಅಲ್ಲ. ದೇಹದ ಜೀವಕೋಶಗಳಿಗೆ ಬೇಕಾದಷ್ಟು ರಕ್ತ, ಅಂದರೆ ಬೇಕಾದಷ್ಟು ಆಮ್ಲಜನಕ, ತಲುಪದೆ ಹೋಗುವ ಸ್ಥಿತಿ ಅದು. ಪಠ್ಯಪುಸ್ತಕಗಳಲ್ಲಿ ಅದಕ್ಕೆ 'ಆಘಾತ' ಎಂದು ಬರೆಯುತ್ತಾರೆ. ಆದರೆ ಹೃದಯಾಘಾತ, ಮಾನಸಿಕ ಆಘಾತ ಎಂದೆಲ್ಲ ಆ ಪದವೂ ಈಗಾಗಲೇ ಹತ್ತು ಮನೆಯ ನೆಂಟನಾಗಿರುವುದರಿಂದ ಅದರಿಂದಲೂ ಸ್ಪಷ್ಟತೆ ಸಿಗುವುದಿಲ್ಲ. ಅಲ್ಲದೆ ಆಘಾತವೆಂದರೆ ಏಟು. ನಾನು ಹೇಳುತ್ತಿರುವುದು ಏಟು ಬಿದ್ದಾದ ಮೇಲೆ ಮೈಯೊಳಗೆ ಸದ್ದಿಲ್ಲದೆ ನಡೆಯುವ ಕುಸಿತ. ನನ್ನ ಅಜ್ಜಿ ಬಳಸುತ್ತಿದ್ದ ಮಾತುಗಳು ಇವೆರಡಕ್ಕಿಂತ ನಿಖರವಾಗಿದ್ದವು: "ಮೈ ತಣ್ಣಗಾಯಿತು", "ತಣ್ಣನೆಯ ಬೆವರು ಬಂತು", "ನಾಡಿ ಸಣ್ಣಗಾಯಿತು". ವೈದ್ಯಶಾಸ್ತ್ರ ಇಷ್ಟು ದೂರ ಬಂದ ಮೇಲೂ ರಕ್ತಸ್ರಾವದ ಶಾಕ್ ಅನ್ನು ಮೊದಲು ಪತ್ತೆ ಮಾಡುವುದು ಇವೇ ಮೂರು ಲಕ್ಷಣಗಳಿಂದ.

ಗಾಬರಿ ಮತ್ತು ರಕ್ತಸ್ರಾವವನ್ನು ಜನ ಒಂದೇ ಎಂದುಕೊಳ್ಳುವುದಕ್ಕೆ ಕಾರಣವೂ ಇದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೆದರಿಕೆಯಾದಾಗ "ಕೈಕಾಲು ತಣ್ಣಗಾದವು" ಎನ್ನುತ್ತೇವಲ್ಲ, ಅದು ಬರೀ ನುಡಿಗಟ್ಟಲ್ಲ. ಹಾವು ಕಂಡು ಹೆದರಿದರೂ, ಹೊಟ್ಟೆಯೊಳಗೆ ಒಂದು ಲೀಟರ್ ರಕ್ತ ಸೋರಿದರೂ ದೇಹ ಎಚ್ಚರಿಸುವುದು ಒಂದೇ ನರಮಂಡಲವನ್ನು, ಸುರಿಸುವುದು ಅದೇ ಅಡ್ರಿನಲಿನ್ ಅನ್ನು. ಹೃದಯದ ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಬೆವರು ಒಡೆಯುತ್ತದೆ. ಮೊದಲ ಐದು ನಿಮಿಷದಲ್ಲಿ ಎರಡನ್ನೂ ಬೇರ್ಪಡಿಸುವುದು ಎಷ್ಟೋ ಸಲ ವೈದ್ಯರಿಗೂ ಆಗುವುದಿಲ್ಲ. ಬೇರ್ಪಡಿಸಿ ಕೊಡುವುದು ಕಾಲ. ಗಾಬರಿಯ ನಾಡಿ ಮಲಗಿಸಿ ಮಾತನಾಡಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಇಳಿಯತೊಡಗುತ್ತದೆ. ರಕ್ತ ಸೋರುತ್ತಿರುವವರ ನಾಡಿ ಎಷ್ಟು ಸಮಾಧಾನ ಹೇಳಿದರೂ ಇಳಿಯುವುದಿಲ್ಲ, ಏರುತ್ತಲೇ ಹೋಗುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಬೀಗರ ಊಟದಿಂದ ಬಂದವರು

ನಾನು ಹೌಸ್ ಸರ್ಜನ್ ಆಗಿದ್ದ ಕಾಲ. ಮಂಡ್ಯ ಜಿಲ್ಲೆಯ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಡ್ಯೂಟಿ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಇದು ಅದಕ್ಕಿಂತ ಹಿಂದಿನ ಮಾತು. ಗಾಯಾಳುಗಳು ಆಗ ಬರುತ್ತಿದ್ದದ್ದು ಸಿಕ್ಕಿದ ವಾಹನದಲ್ಲಿ, ಸಿಕ್ಕಿದ ಭಂಗಿಯಲ್ಲಿ. ಕಬ್ಬು ಕಟಾವಿನ ಕಾಲವಾದ್ದರಿಂದ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಹಿಂಬದಿಗೆ ದೀಪವೂ ಇಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ ಕೆಟ್ಟು ನಿಂತಿದ್ದ ಒಂದು ಟ್ರೈಲರಿಗೆ, ಬೀಗರ ಊಟ ಮುಗಿಸಿಕೊಂಡು ಬರುತ್ತಿದ್ದ ಗೂಡ್ಸ್ ಆಟೋ ಗುದ್ದಿತ್ತು. ಎಂಟು ಮಂದಿಯನ್ನು ಒಟ್ಟಿಗೆ ತಂದರು.

ಬಾಗಿಲಲ್ಲೇ ಒಬ್ಬಾತ ಮುರಿದ ಮುಂಗೈ ಹಿಡಿದುಕೊಂಡು ಜೋರಾಗಿ ಕೂಗಿಕೊಳ್ಳುತ್ತಿದ್ದ. ಒಬ್ಬ ಹೆಂಗಸಿನ ನೆತ್ತಿ ಸೀಳಿ ಸೀರೆಯೆಲ್ಲ ಕೆಂಪಾಗಿತ್ತು. ನೆತ್ತಿಯ ಗಾಯ ಎಂದೂ ಹಾಗೆಯೇ: ನೋಡುವವರ ಎದೆ ಒಡೆಯುವಂತೆ ಹರಿಯುತ್ತದೆ, ನಾಲ್ಕು ಹೊಲಿಗೆ ಬಿಗಿದರೆ ನಿಲ್ಲುತ್ತದೆ. ನಾನು ಆ ಇಬ್ಬರ ನಡುವೆ ಓಡಾಡುತ್ತಿದ್ದೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಕುಳಿತಿದ್ದ. ತಾನೇ ನಡೆದುಕೊಂಡು ಒಳಗೆ ಬಂದವನು, ನೆತ್ತಿ ಒಡೆದ ತಾಯಿಯನ್ನು ಭುಜ ಕೊಟ್ಟು ಕರೆತಂದವನು. ಹತ್ತಿರ ಹೋದಾಗ, "ನಂಗೇನೂ ಆಗಿಲ್ಲ, ಅವ್ವನ್ನ ನೋಡಿ ಮೊದ್ಲು" ಎಂದ. ಎಡ ಭುಜ ನೋಯುತ್ತದೆ ಎಂದು ಮಾತ್ರ ಹೇಳಿದ. ಬಿಪಿ 110ಕ್ಕೆ 80, ನಾಡಿ 124. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡೆ; ಮೊದಲನೆಯ ಸಂಖ್ಯೆ ನೋಡಿ ನಿಶ್ಚಿಂತಳಾದೆ. ಕೆಳಗೆ 'ಎಡ ಭುಜಕ್ಕೆ ಪೆಟ್ಟು' ಎಂದು ಬರೆದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಎದ್ರುಕೊಂಡವ್ನೆ ಕಣವ್ವಾ, ಅದ್ಕೇ ಮಾತಾಡ್ತಿಲ್ಲ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು.

ನಲವತ್ತು ನಿಮಿಷ ಕಳೆದಿರಬೇಕು. ಆ ರಾತ್ರಿ ನಮ್ಮ ಜೊತೆಗಿದ್ದ ಹಿರಿಯ ಸಿಸ್ಟರ್, ಆಗಲೇ ನಿವೃತ್ತಿಯ ಹತ್ತಿರವಿದ್ದವರು, ಹೊಲಿಗೆ ಹಾಕುತ್ತಿದ್ದ ನನ್ನ ಬಳಿಗೆ ಬಂದು ಮೆಲ್ಲಗೆ, "ಡಾಕ್ಟ್ರೇ, ಆ ಹುಡುಗನ ಕೈ ಒಂದ್ಸಲ ಮುಟ್ಟಿ ನೋಡಿ" ಎಂದರು. ಬಿಪಿ ನೋಡಿ ಎನ್ನಲಿಲ್ಲ, ಹೊಟ್ಟೆ ನೋಡಿ ಎನ್ನಲಿಲ್ಲ. ಹೋಗಿ ಮುಟ್ಟಿದೆ. ನೀರು ತುಂಬಿಟ್ಟ ಮಣ್ಣಿನ ಹೂಜಿಯ ಹೊರಮೈ ಹೇಗಿರುತ್ತದೋ ಹಾಗಿತ್ತು ಆ ಕೈ: ತಣ್ಣಗೆ, ಮೇಲೆಲ್ಲ ತೇವ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ಮತ್ತೆ ಕೆಂಪಾಗುವುದಕ್ಕೆ ನಾಲ್ಕೈದು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಎರಡು ಸೆಕೆಂಡಿನೊಳಗೆ ಆಗಬೇಕಾದದ್ದು ಅದು. ಅಷ್ಟರಲ್ಲಿ ಅವನು ಚಡಪಡಿಸತೊಡಗಿದ. "ಬಿಡಿ, ನಾನು ಆಚೆಗೋಗ್ಬೇಕು" ಎಂದು ಏಳಲು ನೋಡಿದ. ಮಿದುಳಿಗೂ ರಕ್ತ ಸಾಲದಾದಾಗ ಬರುವ ಚಡಪಡಿಕೆ ಅದು. ಮತ್ತೆ ಬಿಪಿ ನೋಡಿದಾಗ ಮೇಲಿನ ಸಂಖ್ಯೆ 84.

ಸರ್ಜನ್ ಬಂದು ಹೊಟ್ಟೆಗೆ ಸೂಜಿ ಹಾಕಿ ಎಳೆದರು. ಸಿರಿಂಜಿನೊಳಗೆ ಹೆಪ್ಪುಗಟ್ಟದ ಕಡುಗೆಂಪು ರಕ್ತ. ಗುಲ್ಮ ಒಡೆದಿತ್ತು. ಎಡ ಪಕ್ಕೆಲುಬುಗಳ ಕೆಳಗಿರುವ ಆ ಅಂಗದಿಂದ ಸೋರಿದ ರಕ್ತ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯ ಅಡಿಗೆ ತಾಗಿದರೆ ನೋವು ಎಡ ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಮೂರನೆಯ ವರ್ಷದಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ವಿಷಯ. ಅದೇ ಲಕ್ಷಣವನ್ನು ಅವನು ತನ್ನ ಬಾಯಲ್ಲೇ ಹೇಳಿದಾಗ ನಾನು 'ಭುಜಕ್ಕೆ ಪೆಟ್ಟು' ಎಂದು ಬರೆದಿದ್ದೆ. ಅವನ ಇಬ್ಬರು ಭಾವಂದಿರು ಆ ರಾತ್ರಿಯೇ ರಕ್ತ ಕೊಟ್ಟರು, ಶಸ್ತ್ರಚಿಕಿತ್ಸೆ ಆಯಿತು, ಹುಡುಗ ಬದುಕಿದ. ಹೊಲಿಗೆ ಬಿಚ್ಚಿಸಲು ಬಂದ ದಿನ ಅವನ ತಾಯಿ ತಮ್ಮ ಆಲೆಮನೆಯ ಬೆಲ್ಲದ ಅಚ್ಚುಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಕೈಗಿಟ್ಟರು. ಅವರ ಕಣ್ಣಲ್ಲಿ ನಾನು ಮಗನನ್ನು ಉಳಿಸಿದವಳು. ಆ ನಲವತ್ತು ನಿಮಿಷದ ಲೆಕ್ಕ ಅವರಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ.

ನಾಲೆಯ ಲೆಕ್ಕ

ಬಿಪಿ ಯಾಕೆ ಅಷ್ಟು ಹೊತ್ತು ಸುಳ್ಳು ಹೇಳಿತು? ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ನಾನು ಯಾವಾಗಲೂ ವಿಶ್ವೇಶ್ವರಯ್ಯ ನಾಲೆಯ ಉದಾಹರಣೆ ಕೊಡುತ್ತೇನೆ. ಮಂಡ್ಯದ ಮಕ್ಕಳಿಗೆ ಅದಕ್ಕಿಂತ ಬೇಗ ಅರ್ಥವಾಗುವ ಉದಾಹರಣೆ ಇನ್ನೊಂದಿಲ್ಲ. ಕೆಆರ್‌ಎಸ್ ತುಂಬಿದಾಗ 124.80 ಅಡಿ. ಮಳೆ ಕೈಕೊಟ್ಟು ಮಟ್ಟ ಇಳಿಯುತ್ತಾ ಹೋದರೆ ನೀರಾವರಿಯವರು ಏನು ಮಾಡುತ್ತಾರೆ? ಉಪನಾಲೆಗಳ ತೂಬುಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಇರುವ ನೀರು ಮುಖ್ಯ ನಾಲೆಯಲ್ಲೇ ಉಳಿಯುತ್ತದೆ. ಅಲ್ಲಿ ಮಟ್ಟ ಅಳೆಯುವ ಪಟ್ಟಿಯನ್ನಷ್ಟೇ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಆದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗಳು ಆಗಲೇ ಬಿರುಕು ಬಿಟ್ಟಿರುತ್ತವೆ. ಬಿಪಿ ಎಂದರೆ ಮುಖ್ಯ ನಾಲೆಯ ಪಟ್ಟಿ. ಚರ್ಮ, ಕರುಳು, ಮೂತ್ರಪಿಂಡ ಕೊನೆ ಭಾಗದ ಗದ್ದೆಗಳು. ದೇಹ ಹೃದಯವನ್ನೂ ಮಿದುಳನ್ನೂ ಉಳಿಸಿಕೊಳ್ಳಲು ಇವುಗಳ ತೂಬು ಇಳಿಸುತ್ತದೆ. ಕೈ ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಬಾಯಾರಿಕೆ ಹೆಚ್ಚುವುದು ಎಲ್ಲವೂ ಕೊನೆ ಭಾಗದ ರೈತರ ದೂರು. ಪಟ್ಟಿಯಲ್ಲಿ ಮಟ್ಟ ಕುಸಿಯುವ ಹೊತ್ತಿಗೆ ಅಣೆಕಟ್ಟಿನಲ್ಲೇ ನೀರಿರುವುದಿಲ್ಲ.

ಲೆಕ್ಕದಲ್ಲಿ ಹೇಳುವುದಾದರೆ, 70 ಕಿಲೋ ತೂಕದ ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರ 15 ಶೇಕಡಾದಷ್ಟು ಹೋದರೂ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. 15ರಿಂದ 30 ಶೇಕಡಾ ಹೋಗುವಾಗ ನಾಡಿ ನೂರು ದಾಟುತ್ತದೆ, ಕೈ ತಣ್ಣಗಾಗುತ್ತದೆ, ಬಿಪಿಯ ಮೇಲಿನ ಸಂಖ್ಯೆ ಹಾಗೇ ಇದ್ದು ಕೆಳಗಿನದು ಏರುತ್ತದೆ. ನನ್ನ ಹುಡುಗನ 110ಕ್ಕೆ 80 ಅದೇ: ಎರಡರ ನಡುವಿನ ಅಂತರ ಕೇವಲ 30. ಮೇಲಿನ ಸಂಖ್ಯೆ ಸಾಮಾನ್ಯವಾಗಿ ಬೀಳುವುದು 30 ಶೇಕಡಾ ದಾಟಿದ ಮೇಲೆ, ಅಂದರೆ ಒಂದೂವರೆ ಲೀಟರ್ ರಕ್ತ ಕೈಬಿಟ್ಟಾದ ಮೇಲೆ. 1967ರಲ್ಲಿ ಆಲ್ಗವರ್ ಮತ್ತು ಬುರಿ ಎಂಬ ವೈದ್ಯರು ಒಂದು ಸರಳ ಭಾಗಾಕಾರವನ್ನು ಸೂಚಿಸಿದರು: ನಾಡಿಯನ್ನು ಬಿಪಿಯ ಮೇಲಿನ ಸಂಖ್ಯೆಯಿಂದ ಭಾಗಿಸುವುದು. ಆರೋಗ್ಯವಂತರಲ್ಲಿ ಅದು 0.5ರಿಂದ 0.7ರ ಆಸುಪಾಸಿನಲ್ಲಿರುತ್ತದೆ, ಒಂದನ್ನು ಮುಟ್ಟಿದರೆ ಎಚ್ಚರಗೊಳ್ಳಬೇಕು. 124ನ್ನು 110ರಿಂದ ಭಾಗಿಸಿದರೆ 1.1ಕ್ಕೂ ಹೆಚ್ಚು. ಎರಡು ಸಂಖ್ಯೆಗಳೂ ನನ್ನದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿದ್ದವು.

ಈ ಲೆಕ್ಕ ಎಲ್ಲರಿಗೂ ಒಂದೇ ಎಂದುಕೊಳ್ಳುವಂತಿಲ್ಲ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ, ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಎಷ್ಟು ರಕ್ತ ಹೋದರೂ ನಾಡಿ ಏರದೆ ಇರಬಹುದು. ಮಕ್ಕಳು ಮತ್ತು ಯುವಕರು ಕೊನೆಯ ಗಳಿಗೆಯವರೆಗೂ ಬಿಪಿಯನ್ನು ಹಿಡಿದಿಟ್ಟುಕೊಂಡು ಒಮ್ಮೆಗೇ ಕುಸಿಯುತ್ತಾರೆ. ಇನ್ನೊಂದು ಮಾತು. ಬಿಳಿಚರ್ಮದ ದೇಶಗಳಲ್ಲಿ ಬರೆದ ಪುಸ್ತಕಗಳು 'ರೋಗಿಯ ಮುಖ ಬಿಳಿಚಿಕೊಂಡಿರುತ್ತದೆ' ಎನ್ನುತ್ತವೆ. ನಮ್ಮ ಬಿಸಿಲಿನಲ್ಲಿ ದುಡಿದ ಮೈಗಳ ಮುಖದಲ್ಲಿ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಕೆಳರೆಪ್ಪೆಯನ್ನು ಎಳೆದು ನೋಡಬೇಕು, ನಾಲಗೆ ನೋಡಬೇಕು, ಅಂಗೈ ಬಿಡಿಸಿ ನೋಡಬೇಕು.

ಕೈ ಮುಟ್ಟಿ ನೋಡುವುದನ್ನೇ ನಾನು ಮಂತ್ರವಾಗಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಬೆಚ್ಚನೆಯ ಕೈಯೂ ಮೋಸ ಮಾಡಬಲ್ಲದು. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದರೆ ರಕ್ತನಾಳಗಳು ಬಿಗಿತ ಕಳೆದುಕೊಂಡು ಹಿಗ್ಗುತ್ತವೆ. ಆಗ ಬಿಪಿ ಬಿದ್ದಿದ್ದರೂ ಕೈ ಬೆಚ್ಚಗಿರುತ್ತದೆ, ನಾಡಿ ನಿಧಾನವಾಗಿರುತ್ತದೆ. ಸೋಂಕಿನಿಂದ ರಕ್ತಕ್ಕೆ ನಂಜೇರಿದವರಲ್ಲೂ ಮೊದಮೊದಲು ಕೈ ಬೆಚ್ಚಗೇ ಇರುತ್ತದೆ. ಹೆಜ್ಜೇನು ಕಚ್ಚಿ ಅಲರ್ಜಿಯಿಂದ ಕುಸಿದವರದು ಇನ್ನೊಂದು ಕಥೆ. ತೋಟಗಳ ನಾಡಾದ ನಮ್ಮಲ್ಲಿ ಅದು ಅಪರೂಪವೇನಲ್ಲ. ಅಲ್ಲಿ ನನ್ನನ್ನು ಕಾಡುವುದು ಚಿಕಿತ್ಸೆಯ ಕ್ರಮ. ಎಷ್ಟೋ ಕಡೆ ಮೊದಲು ಅಲರ್ಜಿಗೆ ಕೊಡುವ ಏವಿಲ್ ಮತ್ತು ಹೈಡ್ರೊಕಾರ್ಟಿಸೋನ್ ಚುಚ್ಚಿ, ಅಡ್ರಿನಲಿನ್ ಅನ್ನು 'ಹೃದಯಕ್ಕೆ ತೊಂದರೆಯಾದೀತು' ಎಂಬ ಭಯದಿಂದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಜೀವ ಉಳಿಸುವುದು ಅಡ್ರಿನಲಿನ್. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ತಡಮಾಡದೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಉಳಿದೆರಡು ಆಮೇಲೆ. ಹಾಗೆ ಕುಸಿದವರನ್ನು ಎಬ್ಬಿಸಿ ನಿಲ್ಲಿಸಲೂಬಾರದು. ಮಲಗಿದ್ದವರು ದಿಢೀರನೆ ಎದ್ದ ಕ್ಷಣದಲ್ಲೇ ಹೃದಯ ನಿಂತುಹೋಗುವುದುಂಟು.

ಸಲೈನ್ ಮತ್ತು ರಕ್ತ

ಆ ರಾತ್ರಿ ಹುಡುಗನ ಎರಡೂ ಕೈಗೆ ದಪ್ಪ ಸೂಜಿ ಹಾಕಿ ನಾನು ಮಾಡಿದ ಮೊದಲ ಕೆಲಸವೆಂದರೆ ಸಲೈನ್ ಸುರಿದದ್ದು. ಎರಡು ಲೀಟರ್, ಬಾಟಲಿ ಹಿಂಡಿ ಹಿಂಡಿ. ಆಗ ನಮಗೆ ಕಲಿಸಿದ್ದೇ ಅದು. ಬಿಪಿ ಏರಿದಾಗ ಎಲ್ಲರಿಗೂ ಸಮಾಧಾನವಾಯಿತು. ಇಂದು ನಾನು ಹಾಗೆ ಮಾಡುವುದಿಲ್ಲ. ಸಲೈನ್ ಆಮ್ಲಜನಕವನ್ನು ಹೊರುವುದಿಲ್ಲ. ಉಳಿದಿರುವ ರಕ್ತವನ್ನು ತೆಳುವಾಗಿಸುತ್ತದೆ, ಹೆಪ್ಪುಗಟ್ಟಿಸುವ ಅಂಶಗಳನ್ನು ಕರಗಿಸಿಬಿಡುತ್ತದೆ, ಒತ್ತಡ ಹೆಚ್ಚಿಸಿ ಆಗಷ್ಟೇ ಕೂತ ಹೆಪ್ಪನ್ನು ಕಿತ್ತುಹಾಕುತ್ತದೆ. ಕೋಣೆಯ ತಂಪಿನಲ್ಲಿಟ್ಟ ಬಾಟಲಿಯಾದರೆ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೋರುತ್ತದೆ, ಸೋರಿದಷ್ಟೂ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಆಮ್ಲ ಹೆಚ್ಚಿದಷ್ಟೂ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಈ ಸುಳಿಗೆ ಸಿಕ್ಕಿದವರನ್ನು ಹೊರಗೆಳೆಯುವುದು ಬಹಳ ಕಷ್ಟ. ಆದ್ದರಿಂದ ಈಗ ತಲೆಗೆ ಪೆಟ್ಟಾಗಿರದಿದ್ದರೆ ಮೇಲಿನ ಬಿಪಿ 80ರಿಂದ 90ರಷ್ಟಿದ್ದರೆ ಸಾಕೆಂದು ತಾಳಿಕೊಂಡು, ಸಲೈನಿಗೆ ಕೈ ಬಿಗಿಹಿಡಿದು, ರಕ್ತಕ್ಕೆ ರಕ್ತವನ್ನೇ, ಜೊತೆಗೆ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಅನ್ನು ಕೊಡುತ್ತೇವೆ. ತಲೆಗೆ ಪೆಟ್ಟಾಗಿದ್ದರೆ ಈ ತಾಳ್ಮೆ ಸಲ್ಲದು. ಊದಿಕೊಂಡ ಮಿದುಳಿಗೆ ಬಿಪಿ ಕಡಿಮೆಯಾಗುವುದೇ ಎರಡನೆಯ ಪೆಟ್ಟು. ಇವೆಲ್ಲವೂ ಕಾಲ ಕೊಂಡುಕೊಳ್ಳುವ ಉಪಾಯಗಳು ಮಾತ್ರ. ಸೋರುವ ಜಾಗವನ್ನು ಮುಚ್ಚುವವರೆಗೆ ಯಾವುದೂ ಚಿಕಿತ್ಸೆಯಲ್ಲ.

ಕೂತ ಹೆಪ್ಪು ಕರಗದಂತೆ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ ಎಂಬ ಔಷಧದ ವಿಷಯ ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ಕಂಡುಹಿಡಿದ ಔಷಧ ಅದು. ಹೆರಿಗೆಯಲ್ಲಿ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉತಾಕೊ ಅವರ ಹಂಬಲವಾಗಿತ್ತು. ನಾನು ಹೌಸ್ ಸರ್ಜನ್ ಆಗಿದ್ದಾಗಲೂ ಅದು ನಮ್ಮ ಕಪಾಟಿನಲ್ಲಿತ್ತು. ಮುಟ್ಟಿನ ಅತಿ ಸ್ರಾವಕ್ಕೆಂದು ಮಾತ್ರೆ ಬರೆದುಕೊಡುತ್ತಿದ್ದೆವು. ಅಪಘಾತದ ಗಾಯಾಳುವಿಗೆ ಕೊಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. 2010ರಲ್ಲಿ ಕ್ರ್ಯಾಶ್-2 ಅಧ್ಯಯನದ ಫಲಿತಾಂಶ ಬಂತು: 40 ದೇಶಗಳ 20,211 ಗಾಯಾಳುಗಳು, ಅವರಲ್ಲಿ ಭಾರತದವರೂ ಇದ್ದರು. ಔಷಧ ಪಡೆದವರಲ್ಲಿ ಸಾವು 14.5 ಶೇಕಡಾ, ಪಡೆಯದವರಲ್ಲಿ 16. ಕೇಳುವುದಕ್ಕೆ ಸಣ್ಣ ಅಂತರ. ಆದರೆ ಅಗ್ಗದ ಔಷಧ, ಎಲ್ಲ ಕಡೆ ಸಿಗುವ ಔಷಧ. ಹತ್ತು ನಿಮಿಷದಲ್ಲಿ 1 ಗ್ರಾಂ, ಆಮೇಲೆ ಎಂಟು ಗಂಟೆಗಳಲ್ಲಿ ಇನ್ನೊಂದು ಗ್ರಾಂ. ಗಾಯವಾದ ಮೂರು ಗಂಟೆಯೊಳಗೆ ಶುರುಮಾಡಬೇಕು, ಒಂದು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಹಾನಿಯೇ ಹೆಚ್ಚು. ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿಗೆ ಕಳಿಸುವ ಚೀಟಿಯಲ್ಲಿ ಈ ಔಷಧ ಕೊಟ್ಟ ಹೊತ್ತನ್ನು ಬರೆದಿದ್ದರೆ, ಬರೆದ ವೈದ್ಯರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಒಂದು ಗುಟುಕು

ಈ ಪ್ರಸಂಗವನ್ನು ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ. ಹೌಸ್ ಸರ್ಜನ್‌ಷಿಪ್ ಮುಗಿದು ಕೆಲವು ವರ್ಷಗಳಾಗಿದ್ದವು. ಮಂಡ್ಯ ಜಿಲ್ಲೆಯ ಇನ್ನೊಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ತೆಂಗಿನಕಾಯಿ ಕೀಳುತ್ತಿದ್ದ ನಲವತ್ತರ ಒಬ್ಬರು ಮರದಿಂದ ಬಿದ್ದು ಬಂದರು. ಹೊರಗೆ ಒಂದು ಹನಿ ರಕ್ತವಿಲ್ಲ. ನಮ್ಮ ಗುರುಗಳು ಹೇಳಿಕೊಡುತ್ತಿದ್ದ ಮಾತು, 'ನೆಲ ಮತ್ತು ಇನ್ನು ನಾಲ್ಕು': ಲೀಟರುಗಟ್ಟಲೆ ರಕ್ತ ಹೋಗಿದ್ದರೆ ಅದು ರಸ್ತೆಯ ಮೇಲಿರಬೇಕು, ಇಲ್ಲವೇ ಎದೆ, ಹೊಟ್ಟೆ, ಸೊಂಟದ ಮೂಳೆಗಳ ನಡುವೆ, ತೊಡೆ ಈ ನಾಲ್ಕರಲ್ಲಿ ಎಲ್ಲೋ ಇರಬೇಕು. ಒಂದು ತೊಡೆಮೂಳೆ ಮುರಿದರೆ ಒಂದರಿಂದ ಒಂದೂವರೆ ಲೀಟರ್ ಅದರ ಸುತ್ತಲೇ ಇಂಗಿಹೋಗಬಹುದು. ಸೊಂಟದ ಮೂಳೆಯ ಬಳೆ ಬಿಚ್ಚಿಕೊಂಡರೆ ಲೆಕ್ಕವೇ ಇಲ್ಲ. ಇವರಿಗೆ ಒಡೆದದ್ದು ಸೊಂಟವೇ. ಹಾಸಿಗೆಯ ಮೇಲಿನ ಬೆಡ್‌ಶೀಟನ್ನೇ ಮಡಿಸಿ, ತೊಡೆಯ ಮೇಲ್ತುದಿಯ ಗಂಟುಗಳ ಮಟ್ಟಕ್ಕೆ ಸುತ್ತಿ ಬಿಗಿದು ಗಂಟು ಹಾಕಿದೆವು. ಬಹಳ ಜನ ಅದನ್ನು ಹೊಟ್ಟೆಯ ಮೇಲೆ ಕಟ್ಟುತ್ತಾರೆ. ಅಲ್ಲಿ ಕಟ್ಟಿ ಪ್ರಯೋಜನವಿಲ್ಲ. ನಮ್ಮಲ್ಲಿ ರಕ್ತನಿಧಿ ಇರಲಿಲ್ಲ. ಮೈಸೂರಿಗೆ ಕಳಿಸಲು ಆಂಬುಲೆನ್ಸಿಗೆ ಕಾಯುತ್ತಿದ್ದೆವು.

ಅವರು ನೀರು ಕೇಳಿದರು. ರಕ್ತ ಹೋದವರ ಬಾಯಾರಿಕೆ ಎಂಥದ್ದೆಂದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಅದು ಕೋರಿಕೆಯಲ್ಲ, ಮೈಯ ಒಂದೊಂದು ಕಣವೂ ಹೊರಡಿಸುವ ಮೊರೆ. ಅವರ ಹೆಂಡತಿ ಲೋಟ ಹಿಡಿದು ಬಂದರು. ನಾನು ತಡೆದೆ. ಕಾರಣ ಸರಿಯಾಗಿಯೇ ಇತ್ತು: ಇಂಥ ಸ್ಥಿತಿಯಲ್ಲಿ ಜಠರ ಕೆಲಸ ನಿಲ್ಲಿಸಿರುತ್ತದೆ, ಕುಡಿದದ್ದು ಅಲ್ಲೇ ನಿಂತು, ಪ್ರಜ್ಞೆ ತಪ್ಪಿದಾಗಲೋ ಅರಿವಳಿಕೆ ಕೊಡುವಾಗಲೋ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅದೇ ಸಾವಿಗೆ ಕಾರಣವಾಗಬಹುದು. ಅವರು ಮತ್ತೆ ಕೇಳಿದರು, ಮತ್ತೆ ತಡೆದೆ. ಮೂರನೆಯ ಸಲವೂ. ಆಂಬುಲೆನ್ಸ್ ಶ್ರೀರಂಗಪಟ್ಟಣ ದಾಟುವ ಮೊದಲೇ ಅವರು ತೀರಿಕೊಂಡರು.

ಕಾಗದಪತ್ರಕ್ಕೆಂದು ಮೂರು ದಿನ ಬಿಟ್ಟು ಬಂದ ಅವರ ಹೆಂಡತಿ ಸಿಟ್ಟು ಮಾಡಲಿಲ್ಲ. "ಮೂರು ಸಲ ನೀರು ಕೇಳುದ್ರು. ಒಂದು ಗುಟುಕು ಕೊಡಕ್ಕೆ ಬಿಡ್ನಿಲ್ವಲ್ಲವ್ವಾ ನೀವು" ಎಂದರು. ಅಷ್ಟೇ. ಸಾಯುವವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಕೊನೆಯ ಋಣ. ಆ ಋಣ ತೀರಿಸದೆ ಕಳಿಸಿದ ಭಾರವನ್ನು ಆ ಹೆಂಗಸು ತಮ್ಮ ಬದುಕಿನುದ್ದಕ್ಕೂ ಹೊರಬೇಕು, ಅದನ್ನು ಅವರ ಹೆಗಲಿಗೆ ಏರಿಸಿದವಳು ನಾನು. ವೈದ್ಯಕೀಯವಾಗಿ ನಾನು ತಪ್ಪು ಮಾಡಲಿಲ್ಲ. ಇಂದು ಅದೇ ಸ್ಥಿತಿ ಎದುರಾದರೂ ಲೋಟದಲ್ಲಿ ನೀರು ಕುಡಿಸಲು ಬಿಡುವುದಿಲ್ಲ. ಆದರೆ ಬೇಡ ಎನ್ನುವುದಷ್ಟೇ ನನ್ನ ಕೆಲಸವಾಗಿರಲಿಲ್ಲ. ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ತುಟಿ, ನಾಲಗೆ ಒರೆಸಬಹುದಿತ್ತು, ಅದರಿಂದ ಅಪಾಯವಿಲ್ಲ. ಆ ಬಟ್ಟೆಯನ್ನು ಅವರ ಹೆಂಡತಿಯ ಕೈಗೇ ಕೊಡಬಹುದಿತ್ತು. ಯಾಕೆ ಬೇಡವೆಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಹತ್ತು ಸೆಕೆಂಡಿನ ಕೆಲಸ. ಈಗ ನಮ್ಮ ಕ್ಯಾಶುವಾಲ್ಟಿಯಲ್ಲಿ ಯಾರೇ ಗಾಯಾಳು ನೀರು ಕೇಳಿದರೂ ಸಿಸ್ಟರ್ ಎರಡು ಕೆಲಸ ಮಾಡುತ್ತಾರೆ: ಒದ್ದೆ ಗಾಜ್ ಬಟ್ಟೆ ತಂದು ಮನೆಯವರ ಕೈಗೆ ಕೊಡುತ್ತಾರೆ, ಮತ್ತು ನನ್ನನ್ನು ಕೂಗುತ್ತಾರೆ. ಬಾಯಾರಿಕೆಯನ್ನು ನಾವು ನಾಡಿ, ಬಿಪಿಯ ಜೊತೆಗೆ ಬರೆದಿಡುತ್ತೇವೆ.

ರಸ್ತೆಯ ಬದಿಯಲ್ಲಿ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ದೂರವಿಟ್ಟರು. ಅವು ಸರ್ವಿಸ್ ರಸ್ತೆಗೆ ಇಳಿದವು, ಅಪಘಾತಗಳೂ ಅವುಗಳ ಜೊತೆ ಒಂದಿಷ್ಟು ಇಳಿದವು. ಬಿದ್ದವರನ್ನು ಎತ್ತುವವರು ಪಕ್ಕದ ಹೋಟೆಲಿನವರು, ಎಳನೀರು ಮಾರುವವರು, ಗದ್ದೆಯಲ್ಲಿದ್ದವರು. ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಈಗಲೂ ಅವರಲ್ಲಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಿಗೆ ಬಂದವರನ್ನು ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ ಎಂದು ಸಿಕ್ಕ ಸಿಕ್ಕಲ್ಲಿ ಹೇಳುತ್ತಿರುತ್ತೇನೆ. ನಾನು ಅವರಿಂದ ಬಯಸುವುದು ಹೆಚ್ಚೇನಿಲ್ಲ. ರಕ್ತ ಹರಿಯುವ ಜಾಗವನ್ನು ಬಟ್ಟೆಯಿಟ್ಟು ಅಂಗೈ ಭಾರ ಬಿಟ್ಟು ಒತ್ತಿಹಿಡಿಯಬೇಕು, ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಬಾರದು. ಕಾರಿನಲ್ಲಿ ಕೂರಿಸಿಕೊಂಡು ಬರುವುದಕ್ಕಿಂತ ಮಲಗಿಸಿ ತರಬೇಕು. ತಗ್ಗಿದ ಬಿಪಿಯಲ್ಲಿ ಕೂರಿಸಿದರೆ ಮಿದುಳಿಗೆ ಹೋಗುವ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಮುಖಕ್ಕೆ ತಣ್ಣೀರು ಎರಚುವ ಬದಲು ಕಂಬಳಿಯೋ ಟವಲೋ ಹೊದಿಸಬೇಕು. ಮತ್ತೆ, ಕೂಗಾಡುವವರ ಸುತ್ತ ಎಲ್ಲರೂ ನೆರೆದಿರುವಾಗ ಒಬ್ಬರಾದರೂ ಸುಮ್ಮನೆ ಕುಳಿತವರ ಬಳಿಗೆ ಹೋಗಬೇಕು. ಕೂಗುವವರ ಶ್ವಾಸನಾಳ ತೆರೆದಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ನನಗೆ ಭಯವಿರುವುದು "ನಂಗೇನೂ ಆಗಿಲ್ಲ" ಎನ್ನುವವರ ಬಗ್ಗೆ.

ಕಳೆದ ತಿಂಗಳು ಬಂದ ಹುಡುಗನೂ ಅದನ್ನೇ ಹೇಳಿದ್ದ. ಅವನ ತಾಯಿಯ ಕೈಯಿಂದ ಬಾಟಲಿಯನ್ನು ಮೆಲ್ಲಗೆ ತೆಗೆದಿಟ್ಟು, "ಸ್ವಲ್ಪ ತಡೀರಿ ಅಮ್ಮ, ಹೊಟ್ಟೆ ಒಳಗೆ ಏನಾದ್ರೂ ಆಗಿದ್ರೆ ನೀರು ತೊಂದರೆ ಕೊಡುತ್ತೆ. ನೋಡಿ ಹೇಳ್ತೀನಿ" ಎಂದೆ. ಸಿಸ್ಟರ್ ಒದ್ದೆ ಗಾಜ್ ತಂದುಕೊಟ್ಟರು, ತಾಯಿ ಮಗನ ತುಟಿ ಒರೆಸಿದರು. ನಾನು ಅವನ ಕೈ ಹಿಡಿದುಕೊಂಡೆ. ಬೆವರಿತ್ತು, ಆದರೆ ಅಂಗೈ ಬೆಚ್ಚಗಿತ್ತು. ಉಗುರಿನ ಬಣ್ಣ ಎರಡು ಸೆಕೆಂಡಿನೊಳಗೆ ಮರಳಿತು. ನಾಡಿ 108, ಬಿಪಿ 126ಕ್ಕೆ 78. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಬೈಕು ಯಾರದು ಎಂದು ಕೇಳಿದೆ. ಅಣ್ಣನದು, ಕೇಳದೆ ತಂದದ್ದು ಎಂದು ಹೇಳುತ್ತಾ ಅಳತೊಡಗಿದ. ಕಾಲು ಗಂಟೆ ಬಿಟ್ಟು ನೋಡಿದಾಗ ನಾಡಿ 92, ಅರ್ಧ ಗಂಟೆಗೆ 84. ಅವನ ಸೋದರಮಾವ ಯಾವ ಅರ್ಥದಲ್ಲಿ ಹೇಳಿದ್ದರೋ ಆ ಅರ್ಥದಲ್ಲೇ ಅವನಿಗೆ ಶಾಕ್ ಆಗಿತ್ತು.

ಆದರೂ ಬೆಳಗಿನವರೆಗೆ ಮಲಗಿಸಿಕೊಂಡೆ, ಗಂಟೆಗೊಮ್ಮೆ ಹೋಗಿ ಕೈ ಮುಟ್ಟಿ ನೋಡಿದೆ. ಎರಡನೆಯ ಸಲ ಸ್ಕ್ಯಾನಿಂಗ್ ಮಾಡಿಸಿದಾಗಲೂ ಹೊಟ್ಟೆ ಸ್ವಚ್ಛವಾಗಿತ್ತು. ಐದು ಗಂಟೆಯ ಹೊತ್ತಿಗೆ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವನ ತಾಯಿ ಎಚ್ಚರಗೊಂಡು, "ಈಗ ನೀರು ಕೊಡಬಹುದಾ ಡಾಕ್ಟ್ರೇ?" ಎಂದು ಕೇಳಿದರು. ಎತ್ತಿಟ್ಟಿದ್ದ ಬಾಟಲಿಯನ್ನು ನಾನೇ ತಂದು ಅವರ ಕೈಗೆ ಕೊಟ್ಟೆ.